ಕಡಲಿಲ್ಲದ ಊರಿನ ಬಂದರು ವಿಭಾಗ

ಕಡಲನ್ನೇ ಕಾಣದವರು ಕಡಲಿನ ಕಾರುಬಾರು ನೋಡಿಕೊಂಡರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ದಿಲ್ಲಿಯ ಸರ್ಕಾರಿ ಕಚೇರಿಯೊಂದರ ಸಣ್ಣ ಬಂದರುಗಳ ವಿಭಾಗದಲ್ಲಿದ್ದೆ. ಹುಟ್ಟಿದ್ದು ಕುಮಟೆ ಕಡೆ. ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಕೂಲರ್ ಸದ್ದಿಗೆ ಮಲಗಿದರೂ ಜೀವವೆಲ್ಲ ಅಲೆಯ ಸದ್ದಿಗೆ ಹಂಬಲಿಸುತ್ತಿತ್ತು.

ತಡವಾಗಿ ಬರುವ ಭರತ

ನಮ್ಮ ಸಾಹೇಬರು ದಿಲ್ಲಿಯದೇ ರೋಹಿಣಿ ಬಡಾವಣೆಯಿಂದ ಬರುತ್ತಿದ್ದ ಸಜ್ಜನರು. ಅವರು ಬಲ್ಲ ನೀರೆಂದರೆ ಯಮುನೆ. ಅದೂ ಬಸ್ಸಿನಿಂದ, ಮೂಗು ಮುಚ್ಚಿಕೊಂಡು. ಒಮ್ಮೆ ನಮ್ಮೂರ ಕಡೆಯ ಪುಟ್ಟ ಬಂದರಿನ ಬಾಯಿಗೆ ಹೂಳು ತುಂಬಿ, ಭರತದ ಹೊತ್ತಿನಲ್ಲಿ ಮಾತ್ರ ಹಡಗು ಒಳಬರುವ ಹಾಗಾಯಿತು. ಭರತವೆಂದರೆ ಸಮುದ್ರ ಉಕ್ಕುವುದು, ಅದು ದಿನದಿನಕ್ಕೂ ಸ್ವಲ್ಪ ತಡವಾಗುತ್ತದೆ ಎಂದು ವಿವರಿಸಿದೆ. ಸಾಹೇಬರು ಚಹಾದ ಲೋಟ ಕೆಳಗಿಟ್ಟರು.

"ದಿನಾ ತಡವಾ? ಅಚ್ಛಾ, ಹಾಗಾದರೆ ಒಂದು ಮೆಮೊ ಕೊಡಿ."

ಯಂತ್ರಗಳ ನಿರ್ವಹಣೆ

ಮುಂದೊಂದು ವರ್ಷ ದೊಡ್ಡ ಬಂದರಿನಲ್ಲಿ ಮುಷ್ಕರವಾಗಿ, ತೊಗರಿ ತುಂಬಿದ ಹಡಗೊಂದನ್ನು ಇದೇ ಪುಟ್ಟ ಬಂದರಿಗೆ ತಿರುಗಿಸಿದರು. ಅಲ್ಲಿದ್ದ ಒಂದೇ ಕ್ರೇನು ಕೆಟ್ಟು ಕೂತಿತ್ತು. ಬಂದರು ಅಧಿಕಾರಿ ಹೆದರಲಿಲ್ಲ. ಮೀನುಪೇಟೆಯ ಹೆಂಗಸರನ್ನು ಕರೆಸಿ, ಬುಟ್ಟಿಯಲ್ಲೇ ಹಡಗು ಬರಿದು ಮಾಡಿಸಿದರು. ಬಳಸಿದ ಯಂತ್ರ ಯಾವುದು, ನಡುವೆ ನಿಂತರೆ ಏನು ಕ್ರಮ ಎಂದು ದಿಲ್ಲಿ ಕೇಳಿತು.

"ಎಲೆ ಅಡಿಕೆ ಕೊಡ್ತೇನೆ ಮಾರಾಯ್ರೆ," ಎಂದರು ಅವರು ಫೋನಿನಲ್ಲಿ. "ಮತ್ತೆ ಶುರುವಾಗ್ತದೆ."

ಆಗಾಗ ಲೂಬ್ರಿಕೇಶನ್ ಮಾಡಲಾಗುತ್ತದೆ ಎಂದು ನಾನು ಬರೆದೆ. ಎಲ್ಲ ಬಂದರುಗಳೂ ಇದನ್ನೇ ಪಾಲಿಸಬೇಕೆಂದು ಸಾಹೇಬರು ಸುತ್ತೋಲೆ ಕಳಿಸಿದರು.

ಲೈನು ಸರಿಹೋಯಿತು

ಮುಷ್ಕರ ಮುಗಿಯಲಿಲ್ಲ, ಪುಟ್ಟ ಬಂದರಿಗೆ ಹಡಗುಗಳು ಸಾಲುಗಟ್ಟಿದವು. ಖುದ್ದಾಗಿ ಹೋಗಿ ನೋಡಿಬರಲೇ ಎಂದು ಆಸೆಯಿಂದ ಕೇಳಿದೆ. ಫೋನಿದೆಯಲ್ಲ, ದಿನಾ ಅದರಲ್ಲೇ ವರದಿ ತಗೊಳ್ಳಿ ಎಂದರು ಸಾಹೇಬರು.

ತಗೊಂಡೆ. ಅಧಿಕಾರಿಯ ಮೇಜು ಕಿಟಕಿ ಪಕ್ಕ, ಕಿಟಕಿಯಾಚೆ ಕಡಲು. ಅವರು ಹಡಗಿನ ಸುದ್ದಿ ಹೇಳುತ್ತಿದ್ದರೆ ಹಿಂದೆ ಅಲೆ ಭೋರೆನ್ನುತ್ತಿತ್ತು. ವರದಿ ಮುಗಿದ ಮೇಲೆ, "ರಿಸೀವರ್ ಸ್ವಲ್ಪ ಕಿಟಕಿ ಹತ್ತಿರ ಹಿಡೀರಿ," ಎನ್ನುತ್ತಿದ್ದೆ. ಅವರೂ ಕಡಲ ಮಗನೇ, ಯಾಕೆಂದು ಕೇಳದೆ ಹಿಡಿಯುತ್ತಿದ್ದರು. ಇವನದ್ದೆಂಥ ವರದಿಯೋ, ಕಣ್ಣು ಮುಚ್ಚಿ ಕೇಳ್ತಾನೆ ಎಂದು ಪಕ್ಕದ ಮೇಜಿನವರು ಆಡಿಕೊಳ್ಳುತ್ತಿದ್ದರು.

ಒಂದು ದಿನ ನಾನು ಹಾಗೆ ಕೂತಿದ್ದಾಗ ಸಾಹೇಬರು ಬಂದು ರಿಸೀವರ್ ತಗೊಂಡು ಕಿವಿಗಿಟ್ಟುಕೊಂಡರು. ಮುಖ ಗಂಟಾಯಿತು. ಇಂಥ ಗದ್ದಲದ ಲೈನಿನಲ್ಲಿ ದಿನಾ ಹೇಗೆ ಕೆಲಸ ಮಾಡಿದಿರಿ ಎಂದು ನನ್ನ ಬೆನ್ನು ತಟ್ಟಿದರು. ಎಲ್ಲೆಲ್ಲಿಗೋ ಹೇಳಿ ಆ ಬಂದರಿಗೇ ರಿಪೇರಿಯವನನ್ನು ಕಳಿಸಿದರು. ಅವನಿಗೆ ಲೈನಿನಲ್ಲಿ ದೋಷವೇ ಸಿಗಲಿಲ್ಲ. ಅಧಿಕಾರಿಯ ಟೆಲಿಫೋನನ್ನೇ ಕಿಟಕಿಯಿಲ್ಲದ ಒಳಕೋಣೆಗೆ ಸಾಗಿಸಿ ಹೋದ.

ಮರುದಿನ ಸಾಹೇಬರೇ ನಂಬರ್ ಒತ್ತಿ, ಹೆಮ್ಮೆಯಿಂದ ರಿಸೀವರನ್ನು ನನ್ನ ಕಿವಿಗೆ ಹಿಡಿದರು.

"ಈಗ ಹೇಗಿದೆ?"

"ತುಂಬಾ ಕ್ಲಿಯರ್ ಸಾರ್," ಎಂದೆ. "ಏನೂ ಕೇಳಿಸ್ತಿಲ್ಲ."