ಕಂಪ್ಯೂಟರ್ ಕೋರ್ಸಿನವರು ನನ್ನನ್ನು ಬೇಡವೆಂದಾಗ

ನಮ್ಮ ಮನೆಯಲ್ಲಿ ಯಾವ ವಿಷಯವೂ ಅಷ್ಟಕ್ಕೇ ಮುಗಿಯುವುದಿಲ್ಲ, ಅದಕ್ಕೊಂದು ಬಾಲ ಬೆಳೆದೇ ಬೆಳೆಯುತ್ತದೆ. ಚಿಕ್ಕಬಳ್ಳಾಪುರದ ಕಂಪ್ಯೂಟರ್ ತರಬೇತಿಗೆ ನಾನು ಹಾಕಿದ ಅರ್ಜಿಯದೂ ಹಾಗೇ ಆಯಿತು. ಬಿ.ಕಾಂ. ಮುಗಿಸಿ ಮೂರು ವರ್ಷ ಶಿಡ್ಲಘಟ್ಟದ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿದವಳು ನಾನು. ಆನ್‌ಲೈನ್ ಪರೀಕ್ಷೆಯನ್ನು ಮನೆಯಲ್ಲೇ ಬರೆದೆ, ಸುಲಭವಾಗಿತ್ತು. ವಾರದ ಮೇಲೆ ‘ಆಯ್ಕೆಯಾಗಿಲ್ಲ’ ಎಂದು ಮೇಲ್ ಬಂತು. ಅಷ್ಟು ಸುಲಭದ್ದೂ ಬರಲಿಲ್ಲವೆಂದರೆ ನನ್ನ ತಲೆ ಸೀರೆ ಮಡಚುವುದಕ್ಕೇ ಲಾಯಕ್ಕು ಎನ್ನಿಸಿ ಎರಡು ದಿನ ಊಟ ಸೇರಲಿಲ್ಲ.

ಸಮಾಧಾನ

ನಮ್ಮಜ್ಜಿ ಸುದ್ದಿಯನ್ನು ಬೀದಿಗೆಲ್ಲ ಹಂಚಿದ್ದರು. “ಪೋನೀಲೇಮ್ಮಾ”, ಹೋಗಲಿ ಬಿಡಮ್ಮ ಎಂದು ತೆಲುಗಿನಲ್ಲೇ ನನ್ನ ಬೆನ್ನು ಸವರಿ, ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದರು. ಹೆಣ್ಣು ನೋಡಿ ಹೋದವರು ಬೇಡವೆಂದಾಗ ಹೇಳುವ ಸಮಾಧಾನ ಬಿಟ್ಟರೆ ನಮ್ಮ ಬೀದಿಯ ಹೆಂಗಸರಿಗೆ ಬೇರೆ ಗೊತ್ತಿಲ್ಲ.

ಪಕ್ಕದ ಮನೆಯ ಆಪಾ ನನ್ನ ಕೈ ಹಿಡಿದು, “ಅವ್ರಿಗೇ ಅದೃಷ್ಟ ಇಲ್ಲ ಬಿಡಮ್ಮ. ನಿನ್ನಂಥ ಹುಡುಗಿ ಅವ್ರಿಗೆಲ್ಲಿ ಸಿಗ್ತಾಳೆ” ಎಂದರು. ಆಮೇಲೆ ದನಿ ತಗ್ಗಿಸಿ, “ಫೋಟೋ ಯಾವ್ದು ಕಳ್ಸಿದ್ದೆ?” ಎಂದು ಕೇಳಿದರು.

“ಆಧಾರ್ ಕಾರ್ಡಿಂದು.”

ಆಪಾ ನನ್ನ ಕೈ ಬಿಟ್ಟರು. “ಮತ್ತೆ ಬೇಡ ಅನ್ದೆ ಇನ್ನೇನಂತಾರೆ?”

ವಶೀಲಿ

ಗೌರಿಬಿದನೂರಿನ ನಮ್ಮ ಸೋದರಮಾವನಿಗೆ ಎಲ್ಲ ಆಫೀಸಿನಲ್ಲೂ ಯಾರೋ ಒಬ್ಬರು ಗೊತ್ತಿರುತ್ತಾರೆ. ಕೇಳದೆಯೇ ಒಂದು ಬುಟ್ಟಿ ದ್ರಾಕ್ಷಿ ಹಿಡಿದು ತರಬೇತಿ ಕೇಂದ್ರಕ್ಕೆ ಹೋದರು. ಅಲ್ಲಿ ಕೂತಿದ್ದವರು, “ನಮ್ಮ ಕೈಯಲ್ಲಿ ಏನೂ ಇಲ್ಲ ಸಾರ್, ಆಯ್ಕೆ ಎಲ್ಲಾ ಕಂಪ್ಯೂಟರೇ ಮಾಡೋದು” ಎಂದರಂತೆ.

ಸಂಜೆ ಮಾವ ಫೋನ್ ಮಾಡಿದರು. “ಕೆಲಸ ಆಯ್ತು ಅನ್ಕೊಳಮ್ಮ. ಕಂಪ್ಯೂಟರ್ ರೂಮಿನ ಬೀಗದ ಕೈ ವಾಚ್‌ಮನ್ ಹತ್ರ ಇರುತ್ತಂತೆ. ನಮ್ ತೊಂಡೇಬಾವಿ ಕಡೆಯವನೇ. ದ್ರಾಕ್ಷಿ ಅವನಿಗೇ ಕೊಟ್ಟು ಬಂದಿದೀನಿ.”

ಕಾರಣ

ಕೊನೆಗೆ ನಾನೇ ರಜೆ ಹಾಕಿ ಬಸ್ಸು ಹತ್ತಿದೆ. ಸೀಟು ಬೇಡ, ನಾನು ದಡ್ಡಿಯೋ ಅಲ್ಲವೋ ತಿಳಿದರೆ ಸಾಕು ಎನ್ನಿಸಿತ್ತು. ಕೇಂದ್ರದ ಮೇಡಂ ನನ್ನ ಹೆಸರು ಹುಡುಕಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು. “ನೀವು ಒಂದು ಉತ್ತರಾನೂ ಕಳ್ಸಿಲ್ವಲ್ಲಮ್ಮ?”

“ಎಲ್ಲಾ ಬರ್ದಿದ್ದೆ ಮೇಡಂ. ನಲವತ್ತು ನಿಮಿಷಕ್ಕೇ ಮುಗ್ಸಿದ್ದೆ.”

“ಮತ್ತೆ ಸಬ್ಮಿಟ್ ಯಾವಾಗ ಒತ್ತಿದ್ರಿ?”

ಈಗ ಅಪ್ಪನ ವಿಷಯ ಹೇಳಲೇಬೇಕಾಯಿತು. ಅಪ್ಪ ರೇಷ್ಮೆ ನೂಲು ಬಿಚ್ಚುವವರು. ದಿನಾ ಮಾರುಕಟ್ಟೆಯಲ್ಲಿ ಗೂಡಿನ ಹರಾಜಿಗೆ ಮೊಬೈಲಿನಲ್ಲೇ ದರ ಹಾಕುತ್ತಾರೆ. ಪರೀಕ್ಷೆಯ ದಿನ ನನ್ನ ಹಿಂದೆಯೇ ನಿಂತಿದ್ದರು. ನಾನು ಒತ್ತಲು ಹೋದರೆ ಕೈ ಹಿಡಿದುಕೊಂಡು, “ಈಗ್ಲೇ ಒತ್ಬೇಡ ಕಣಮ್ಮ. ಬೇರೆಯವ್ರು ನಿಂದು ನೋಡ್ಕೊಂಡು ಒಂದ್ ರೂಪಾಯಿ ಜಾಸ್ತಿ ಹಾಕ್ತಾರೆ. ಕೊನೇಗ್ ಒತ್ತು” ಎಂದಿದ್ದರು. ಇಪ್ಪತ್ತು ನಿಮಿಷ ಅಪ್ಪ ಮಗಳು ಉಸಿರು ಬಿಗಿಹಿಡಿದು ಗಡಿಯಾರ ನೋಡುತ್ತ ಕೂತೆವು. ಕೊನೆಯ ಕ್ಷಣಕ್ಕೆ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

ಮೇಡಂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಮುಂದಿನ ತಿಂಗಳು ಇನ್ನೊಂದು ಪರೀಕ್ಷೆ ಇದೆ, ಬರೆಯಿರಿ ಎಂದರು. ನನಗೆ ಎದೆ ಮೇಲಿನ ಕಲ್ಲು ಇಳಿದಂತಾಯಿತು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಎರಡು ಮಸಾಲೆ ದೋಸೆ ತಿಂದೆ.

ಎರಡನೇ ಸಲ ಅಪ್ಪ ಮಾರುಕಟ್ಟೆಗೆ ಹೋಗಿದ್ದಾಗ ಬರೆದು, ಮುಗಿದ ತಕ್ಷಣ ಒತ್ತಿಬಿಟ್ಟೆ. ಮೂರೇ ದಿನಕ್ಕೆ ಆಯ್ಕೆಯಾಗಿದೆ ಎಂದು ಮೇಲ್ ಬಂತು. ಅಮ್ಮ ದೇವರಿಗೆ ದೀಪ ಹಚ್ಚಿದಳು, ಅಜ್ಜಿ ಬೀದಿಗೆ ಹೊರಟರು. ಅಪ್ಪ ಮಾತ್ರ ಹಣೆ ಗಂಟಿಕ್ಕಿಕೊಂಡು ಕೂತಿದ್ದರು.

“ಯಾಕಪ್ಪ, ಖುಷಿ ಆಗ್ಲಿಲ್ವಾ?” ಎಂದೆ.

“ಖುಷಿನೇ. ಆದ್ರೆ ಇಷ್ಟು ಬೇಗ ನಮ್ಗೇ ಬಿಟ್ಕೊಟ್ರು ಅಂದ್ರೆ, ಜಾಸ್ತಿ ಹಾಕ್ಬಿಟ್ವಿ ಅನ್ಸುತ್ತೆ. ಎರಡ್ ಉತ್ತರ ಕಮ್ಮಿ ಬರೆದಿದ್ರೂ ಸಿಗ್ತಿತ್ತು.”