ಮದುವೆಯ ಇಪ್ಪತ್ತೈದಕ್ಕೆ ಒಂದು ವೈನ್ ಊಟ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ ಹೆಂಡತಿಯನ್ನು ಒಳ್ಳೆಯ ವೈನ್ ರೆಸ್ಟೋರೆಂಟಿಗೆ ಊಟಕ್ಕೆ ಕರೆದುಕೊಂಡು ಹೋಗಬೇಕೆಂದು ತೀರ್ಮಾನಿಸಿದಾಗ, ಇದರಲ್ಲಿ ಕಷ್ಟವೇನಿದೆ ಎಂದುಕೊಂಡಿದ್ದೆ. ನಾನು ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ನಟ್ಟು, ಬೋಲ್ಟು, ವಾಷರುಗಳ ರಾಶಿಯಿಂದ ಬೇಕಾದ್ದನ್ನು ಕಣ್ಣು ಮುಚ್ಚಿ ಆರಿಸಿ ಕೊಡುವವನು. ಅಂಥವನಿಗೆ ಒಂದು ಹೋಟೆಲು ಆರಿಸುವುದು ಯಾವ ಮಹಾ ವಿದ್ಯೆ?

ವೈನೇ ಏಕೆಂದರೆ, ಅದಕ್ಕೆ ಸಾಕ್ಷ್ಯಾಧಾರವಿತ್ತು. ಒಂದು ದಿನ ಹೆಂಡತಿ ವಾರಿಜ ಮೊಬೈಲಿನಲ್ಲಿ ತನ್ನ ಅಕ್ಕನ ಮಗಳ ಫೋಟೋ ನೋಡುತ್ತಿದ್ದಳು. ಆ ಹುಡುಗಿ ಗಂಡನ ಜೊತೆ ಯಾವುದೋ ರೆಸ್ಟೋರೆಂಟಿನಲ್ಲಿ ವೈನ್ ಗ್ಲಾಸು ಹಿಡಿದು ಕೂತಿದ್ದಳು. ವಾರಿಜ ಒಂದು ನಿಟ್ಟುಸಿರು ಬಿಟ್ಟು, "ಎಷ್ಟು ಚಂದ ಉಂಟಲ್ಲ" ಎಂದಳು. ಹಿಂದಿನ ಇಪ್ಪತ್ನಾಲ್ಕು ವಾರ್ಷಿಕೋತ್ಸವಗಳಲ್ಲಿ ಹತ್ತೊಂಬತ್ತನ್ನು ಮರೆತು, ಉಳಿದ ಐದಕ್ಕೆ ಒಂದೇ ಮೀನೂಟದ ಹೋಟೆಲಿಗೆ ಕರೆದುಕೊಂಡು ಹೋದವನಿಗೆ ಆ ನಿಟ್ಟುಸಿರು ನೇರ ಎದೆಗೆ ತಾಗಿತು. ಇವಳಿಗೆ ಹೇಳದೆ, ಗುಟ್ಟಾಗಿ, ಅಂಥದ್ದೇ ಊಟದ ಏರ್ಪಾಡು ಮಾಡುವುದೆಂದು ಅಲ್ಲೇ ನಿಶ್ಚಯಿಸಿದೆ.

ಒಂದೇ ಒಂದು ಸಣ್ಣ ತೊಡಕಿತ್ತು. ನಾನು ಕುಡಿಯುವವನಲ್ಲ. ನಮ್ಮ ವಿಭಾಗದಲ್ಲಿ ಹೋಟೆಲುಗಳ ವಿಷಯ ಗೊತ್ತಿದ್ದವನೆಂದರೆ ದುಬೈಯ ದೊಡ್ಡ ಹೋಟೆಲೊಂದರಲ್ಲಿ ಗುಮಾಸ್ತನಾಗಿ ಏಳು ವರ್ಷ ಇದ್ದು ಬಂದ ಹಮೀದ್ ಒಬ್ಬನೇ. ಅವನ ಹತ್ತಿರ ಸಲಹೆ ಕೇಳಿದೆ. ಅವನು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟ.

"ನಾನು ಕುಡಿಯುವವನಲ್ಲ, ನೀವೂ ಅಲ್ಲ. ನಾವಿಬ್ಬರು ಸೇರಿ ವೈನ್ ಆರಿಸುವುದಾ ಮಾರಾಯ್ರೆ?"

ಆದರೂ ಒಳ್ಳೆಯ ಮನುಷ್ಯ. ಮೊದಲೇ ಹೋಗಿ ನೋಡದೆ ಯಾವ ಹೋಟೆಲನ್ನೂ ನಂಬಬೇಡಿ ಎಂದು ಒಂದು ಮಾತು ಹೇಳಿದ. ನನ್ನ ಸರ್ವನಾಶಕ್ಕೆ ಅಷ್ಟು ಸಾಕಾಯಿತು.

ಕೆಲಸ ಮುಗಿಸಿ ಬರುವಾಗ ಒಂದೊಂದೇ ಜಾಗವನ್ನು ಪರಿಶೀಲಿಸಲು ಶುರು ಮಾಡಿದೆ. ಮೊದಲನೆಯದು ಕಂಕನಾಡಿಯಲ್ಲಿ. ಬೋರ್ಡಿನಲ್ಲಿ ದೊಡ್ಡದಾಗಿ 'ವೈನ್ಸ್' ಎಂದು ಬರೆದಿತ್ತು. ಒಳಗೆ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಫ್ಯಾಮಿಲಿಗೆ ಬೇರೆ ಕೋಣೆ ಉಂಟು ಎಂದು ತೋರಿಸಿದರು. ಕತ್ತಲೆಯಲ್ಲಿ ಫ್ಯಾಮಿಲಿ ಯಾರದ್ದು ಎಂದು ಗುರುತಿಸಲು ಟಾರ್ಚು ಬೇಕಿತ್ತು. ಎರಡನೆಯ ಕಡೆ ವೈನ್ ಇತ್ತು, ಆದರೆ ಟಿ.ವಿ.ಯಲ್ಲಿ ಕ್ರಿಕೆಟ್ಟೂ ಇತ್ತು. ಇಪ್ಪತ್ತೈದು ವರ್ಷದ ದಾಂಪತ್ಯದ ಬಗ್ಗೆ ನಾಲ್ಕು ಮಾತಾಡಬೇಕಾದರೆ ಓವರು ಮುಗಿಯುವವರೆಗೆ ಕಾಯಬೇಕು.

ಮೂರನೆಯದು ಅದೇ ಕಂಕನಾಡಿಯಲ್ಲಿ, ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಹೊಸತಾಗಿ ತೆರೆದದ್ದು. ಬಿಳಿ ಮೇಜುಬಟ್ಟೆ, ಮೇಣದ ಬತ್ತಿ, ಪುಸ್ತಕದಷ್ಟು ದಪ್ಪದ ವೈನ್ ಪಟ್ಟಿ. ಇದೇ ಎಂದು ಮನಸ್ಸು ಹೇಳಿತು. ಮ್ಯಾನೇಜರು ತುಂಬ ಮರ್ಯಾದೆಯ ಮನುಷ್ಯ. ಮೀನಿಗೆ ಬಿಳಿ ವೈನು, ಮಾಂಸಕ್ಕೆ ಕೆಂಪು ವೈನು ಎಂದು ವಿವರಿಸಿದರು. ನಮ್ಮ ಹುಳಿಖಾರದ ಮೀನುಸಾರು, ಬಂಗುಡೆ ಪುಳಿಮುಂಚಿಗೆ ಯಾವುದು ಆಗುತ್ತದೆಂದು ಕೇಳಿದೆ. ಅವರು ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ನೀರು ಸಾರ್" ಎಂದರು.

ಹೆಂಡತಿಗೆ ಯಾವುದು ಹಿಡಿಸೀತು ಎಂದು ತಿಳಿಯಲು ಸ್ವಲ್ಪ ಸ್ವಲ್ಪವೇ ರುಚಿ ನೋಡುವುದು ಅನಿವಾರ್ಯವಾಯಿತು. ಒಂದೇ ದಿನಕ್ಕೆ ಆಗುವ ಕೆಲಸವಲ್ಲ ಅದು. ನಾಲ್ಕು ಸಂಜೆ ಹೋದೆ. ಪ್ರತಿ ಸಲವೂ ಎರಡು ಗುಟುಕು ಕುಡಿದು, ಮುಖ ಕಿವುಚಿ, ಬಾಯಿಗೆ ಲವಂಗ ಹಾಕಿಕೊಂಡು ಮಂಡಿನೋವಿನ ಕಾಲನ್ನು ಎಳೆಯುತ್ತ, ಕಂಬಿ ಹಿಡಿದು ಮೆಟ್ಟಿಲಿಳಿದು ಬಂದೆ.

ಆ ಕಟ್ಟಡದ ಎದುರಿಗೇ ನನ್ನ ಹೆಂಡತಿಯ ಅಣ್ಣ ವಿಠಲ ಭಾವನ ಬಟ್ಟೆಯಂಗಡಿ ಇದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನೆನಪಾಗಲಿಲ್ಲ, ಅಷ್ಟೆ.

ಮನೆಯಲ್ಲಿ ಗಾಳಿ ಬದಲಾಯಿತು. ವಾರಿಜ ಬೆಳಿಗ್ಗೆ ಕಾಫಿಯ ಬದಲು ಲಿಂಬೆ ಶರಬತ್ತು ತಂದಿಡತೊಡಗಿದಳು. ನಾನು ಆಫೀಸಿನಿಂದ ಬಂದ ಕೂಡಲೇ ಹತ್ತಿರ ಬಂದು ಮೂಗು ಅರಳಿಸಿ ನಿಲ್ಲುತ್ತಿದ್ದಳು. ಇಷ್ಟು ವರ್ಷದ ಮೇಲೆ ಪ್ರೀತಿ ಹೊಸತಾಗಿ ಚಿಗುರಿದೆ ಎಂದು ನಾನು ಭಾವಿಸಿದೆ.

ಒಂದು ಆದಿತ್ಯವಾರ ವಿಠಲ ಭಾವ ಜೆಪ್ಪುವಿನ ನಮ್ಮ ಮನೆಗೆ ಬಂದರು. ಚಪ್ಪಲಿ ಕಳಚಿ ಜಗಲಿಯಲ್ಲಿ ಕೂತರು. ಆಮೇಲೆ ನೆಲ ನೋಡುತ್ತ, "ಲಿವರ್ ಅಂತ ಹೇಳಿದ್ರೆ ಒಂದೇ ಇರುವುದು ಭಾವ. ಕಿಡ್ನಿಯ ಹಾಗೆ ಎರಡಿಲ್ಲ" ಎಂದರು.

ಪಾಪ, ಡಾಕ್ಟರು ಏನೋ ಹೇಳಿರಬೇಕು ಎಂದುಕೊಂಡೆ. ಅವರ ಕೈ ಹಿಡಿದುಕೊಂಡೆ. "ಹೆದರಬೇಡಿ ಭಾವ. ಈಗ ಒಳ್ಳೊಳ್ಳೆ ಮದ್ದು ಉಂಟು. ಹಾಳಾದ್ರೆ ಬೇರೆಯವರದ್ದು ಹಾಕ್ತಾರೆ."

ಭಾವ ಕೈ ಬಿಡಿಸಿಕೊಂಡು ಎದ್ದು ಹೋದರು. ಚಹಾ ಕೂಡ ಕುಡಿಯಲಿಲ್ಲ.

ವಾರ್ಷಿಕೋತ್ಸವದ ದಿನ ಬಂತು. ಸಂಜೆ ಬೇಗ ಬಂದು, ಒಳ್ಳೆಯ ಸೀರೆ ಉಟ್ಟುಕೋ, ಹೊರಗೆ ಊಟಕ್ಕೆ ಹೋಗುವುದುಂಟು ಎಂದೆ. ಎಲ್ಲಿಗೆ ಎಂದು ಕೇಳಿದಳು. ಹೇಳುವುದಿಲ್ಲ ಎಂದೆ. ಅವಳು ಒಳಗೆ ಹೋಗಿ ಯಾರಿಗೋ ಫೋನು ಮಾಡಿದಳು. ನಾವು ಗೇಟು ದಾಟುವಷ್ಟರಲ್ಲಿ ವಿಠಲ ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಿಂತಿದ್ದರು. ತಾನೂ ಬರುತ್ತೇನೆಂದರು. ಕಾಯಿಲೆಯ ಮನುಷ್ಯನಿಗೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಇಬ್ಬರಿಗೆ ಹಾಕಿದ ಮೇಜಿಗೆ ಮೂರನೆಯ ಕುರ್ಚಿ ತರಿಸಿದೆವು. ಮೇಣದ ಬತ್ತಿ ನನಗೂ ಭಾವನಿಗೂ ನಡುವೆ ಉರಿಯುತ್ತಿತ್ತು. ಅಷ್ಟರಲ್ಲಿ ವೇಟರ್ ಬಂದು, ಹಳೆಯ ಗೆಳೆಯನನ್ನು ಕಂಡಂತೆ ನಕ್ಕು, "ಸಾರ್, ಮೊನ್ನೆ ಕುಡಿದದ್ದೇ ತರ್ಲಾ?" ಎಂದ.

ವಾರಿಜ ಕಣ್ಣು ಮುಚ್ಚಿಕೊಂಡಳು. ಭಾವ ತಲೆಯಾಡಿಸಿದರು.

ಏನಾದರೂ ಮಾಡಿ ಸಂದರ್ಭವನ್ನು ಸರಿಪಡಿಸಬೇಕೆಂದು, ತನ್ನಿ ತನ್ನಿ ಎಂದುಬಿಟ್ಟೆ. ಅವನು ಬಾಟಲಿ ತಂದು ಬಿರಡೆ ತೆಗೆದು ನನ್ನ ಗ್ಲಾಸಿಗೆ ಒಂದು ಚಮಚದಷ್ಟು ಸುರಿದು ಕೈಕಟ್ಟಿ ನಿಂತ. ಬಾಟಲಿ ತೆರೆದಾಗ ಮೊದಲು ಹೀಗೆ ರುಚಿಗೆ ಹಾಕುವುದು ಪದ್ಧತಿಯಂತೆ. ನಾನು ಅದುವರೆಗೆ ಗ್ಲಾಸಿನ ಲೆಕ್ಕದಲ್ಲಿ ತರಿಸಿದವನು, ನನಗೇನು ಗೊತ್ತು? ಇವರು ಜಿಪುಣತನ ಮಾಡುತ್ತಿದ್ದಾರೆ, ಹೆಂಡತಿಯ ಮನೆಯವರ ಎದುರು ಮಾನ ಹೋಗುತ್ತದೆ ಎಂದುಕೊಂಡು ಗಟ್ಟಿಯಾಗಿ, "ಇಷ್ಟರಲ್ಲಿ ನನಗೆ ಎಂತ ಆಗ್ತದೆ? ತುಂಬಿಸಿ" ಎಂದೆ.

ವಾರಿಜ ಅಳತೊಡಗಿದಳು.

ಇಪ್ಪತ್ತೈದು ವರ್ಷದಲ್ಲಿ ಅವಳು ಸಿಟ್ಟು ಮಾಡಿದ್ದನ್ನು ನೋಡಿದ್ದೇನೆ, ಮುನಿಸಿಕೊಂಡದ್ದನ್ನು ನೋಡಿದ್ದೇನೆ. ಹತ್ತು ಜನರ ಎದುರು ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತದ್ದನ್ನು ನೋಡಿರಲಿಲ್ಲ. ಗುಟ್ಟನ್ನೆಲ್ಲ ಬಿಚ್ಚಿಟ್ಟೆ. ಅವಳ ನಿಟ್ಟುಸಿರು, ಹಮೀದನ ಸಲಹೆ, ಮೂರು ಹೋಟೆಲು, ಲವಂಗ, ಎಲ್ಲವನ್ನೂ. ಸಾಕ್ಷಿ ಹೇಳಲು ಮ್ಯಾನೇಜರನ್ನೂ ಕರೆಸಿದೆ. ಅವರು ಪುಳಿಮುಂಚಿಯ ಪ್ರಸಂಗವನ್ನು ವರದಿ ಮಾಡಿದ ಮೇಲೆ ಭಾವನಿಗೆ ಸ್ವಲ್ಪ ನಂಬಿಕೆ ಬಂತು.

ವಾರಿಜ ಮೂಗು ಒರೆಸಿಕೊಂಡಳು. "ನಾನು ಚಂದ ಅಂದದ್ದು ಆ ಗ್ಲಾಸಿಗೆ. ಅಂಥದ್ದು ಆರು ನಮ್ಮ ಮನೆಯಲ್ಲಿ ಇರ್ತಿದ್ರೆ ನೆಂಟರಿಗೆ ಪಾಯಸ ಕೊಡ್ಲಿಕ್ಕೆ ಒಳ್ಳೆದಿತ್ತು."

ನಾವು ಸೂಪು, ಬ್ರೆಡ್ಡು ತಿಂದು ಮನೆಗೆ ಬಂದೆವು. ವೈನನ್ನು ಯಾರೂ ಮುಟ್ಟಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮರುದಿನ ಬೆಳಿಗ್ಗೆ ವಾರಿಜ ಮೆಲ್ಲನೆ ಇನ್ನೊಂದು ವಿಷಯ ಹೇಳಿದಳು. ಗಂಡನ ಕುಡಿತ ಬಿಡಿಸಿಕೊಡು ಎಂದು ಅವಳು ನಮ್ಮೂರಿನ ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡಿದ್ದಳಂತೆ. ಅಜ್ಜನಿಗೆ ಹರಕೆಯೆಂದರೆ ವೀಳ್ಯದೆಲೆ, ಚಕ್ಕುಲಿ, ಜೊತೆಗೆ ಒಂದು ಬಾಟಲಿ ಮದ್ಯ. ಅದು ನಮ್ಮ ಕಡೆಯ ಕ್ರಮ. ಕುಡಿಯದವನು ಕುಡಿತ ಬಿಟ್ಟದ್ದು ಹೇಗಾಗುತ್ತದೆ ಎಂದು ನಾನು ವಾದಿಸಿದೆ.

"ನೀವೀಗ ಕುಡೀತೀರಾ?"

"ಇಲ್ಲ."

"ಹಾಗಾದ್ರೆ ಅಜ್ಜ ನಡೆಸಿಕೊಟ್ಟ ಹಾಗೇ ಆಯ್ತಲ್ಲ. ಹರಕೆ ಬಾಕಿ ಇಡ್ಬಾರ್ದು."

ಇಪ್ಪತ್ತೈದು ವರ್ಷದ ಅನುಭವದಿಂದ ಹೇಳುತ್ತೇನೆ, ಇಂಥ ತರ್ಕಕ್ಕೆ ಉತ್ತರವಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಬಿಸಿಲಿನಲ್ಲಿ, ಮದ್ಯದಂಗಡಿಯ ಕೌಂಟರಿನ ಮುಂದೆ ನಿಂತೆ. ಯಾವುದು ಬೇಕೆಂದು ಅಂಗಡಿಯವನು ಕೇಳಿದ. ನನಗೆ ವೈನಿನ ಹೆಸರಲ್ಲದೆ ಬೇರೆ ಗೊತ್ತಿರಲಿಲ್ಲ. ತಿರುಗಿ ನೋಡಿದೆ. ರಸ್ತೆ ಬದಿಯಲ್ಲಿ ಸ್ಕೂಟರಿನ ಹತ್ತಿರ ನಿಂತಿದ್ದ ವಾರಿಜ, ಯಾರನ್ನೋ ಕೇಳಿ ತಿಳಿದುಕೊಂಡಿರಬೇಕು, ಅಲ್ಲಿಂದಲೇ ಕೂಗಿ ಹೆಸರು ಹೇಳಿದಳು. ಸಾಲಿನಲ್ಲಿದ್ದವರು ಗೌರವದಿಂದ ನನಗೆ ದಾರಿ ಬಿಟ್ಟರು.

ಬಾಟಲಿ ಹಿಡಿದು ತಿರುಗಿದರೆ ಎದುರಿಗೆ ಪಕ್ಕದ ಮನೆಯ ಲಿಲ್ಲಿ ಟೀಚರ್, ತರಕಾರಿ ಚೀಲ ಹಿಡಿದುಕೊಂಡು. ನನ್ನನ್ನು ನೋಡಿದರು, ಬಾಟಲಿ ನೋಡಿದರು, ವಾರಿಜಳನ್ನು ನೋಡಿದರು. ಅವಳ ಭುಜ ತಟ್ಟಿ ಸಮಾಧಾನ ಹೇಳಿ ಹೋದರು.

ಸಂಜೆ ಟೀಚರ್ ನಮ್ಮ ಮನೆಗೆ ಬಂದು ಒಂದು ಕರಪತ್ರ ಕೊಟ್ಟರು. ಮುಂದಿನ ವಾರದಿಂದ ಮದ್ಯವರ್ಜನ ಶಿಬಿರವಂತೆ, ಹತ್ತು ದಿನದ್ದು. ನನ್ನ ಹೆಸರನ್ನು ಅವರೇ ಬರೆಸಿದ್ದಾರಂತೆ. ನಾಚಿಕೆ ಪಡಬಾರದು, ಇದೊಂದು ಕಾಯಿಲೆ ಎಂದು ನನಗೆ ಬುದ್ಧಿ ಹೇಳಿದರು.

ನಿಟ್ಟುಸಿರಿನಿಂದ ಶುರುಮಾಡಿ ಹರಕೆಯವರೆಗೆ ಮತ್ತೊಮ್ಮೆ ವಿವರಿಸಬಹುದಿತ್ತು. ಬಾಯಿ ತೆರೆದೆ. ಆದರೆ ಅಷ್ಟು ಉದ್ದದ ಕತೆ ಹೇಳುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

"ಊಟಕ್ಕೆ ಎಂತ ಉಂಟು ಟೀಚರ್ ಅಲ್ಲಿ?" ಎಂದು ಕೇಳಿದೆ.

"ಗಂಜಿ, ಚಟ್ನಿ. ದಿನಾ ಅದೇ."

ಆರಿಸುವ ಕೆಲಸವಿಲ್ಲವಲ್ಲ ಎಂದುಕೊಂಡು ಕರಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.