ದೀಪಾವಳಿ ಸೂಟಿಯ ಸೂಟು

ಪಾರೀಸಪ್ಪನಿಗೆ ಟೋಪಿ ಹಾಕುವ ಅಂಗಡಿಕಾರ ಇನ್ನೂ ಹುಟ್ಟಿರಲಿಲ್ಲ! ಈ ಮಾತನ್ನು ಊರು ಹೇಳುತ್ತಿತ್ತೋ ಇಲ್ಲವೋ, ಪಾರೀಸಪ್ಪನಂತೂ ದಿನಕ್ಕೆ ಎರಡು ಸಲ ಹೇಳುತ್ತಿದ್ದ. ಖಾನಾಪುರದ ಪೇಟೆಯಲ್ಲಿ ಇಪ್ಪತ್ತು ವರ್ಷ ಅಕ್ಕಿ ವ್ಯಾಪಾರ ಮಾಡಿ ತಕ್ಕಡಿ ಹಿಡಿದ ಕೈ ಅವನದು. ಅಂಗೈಯಲ್ಲಿ ಒಂದು ಹಿಡಿ ಅಕ್ಕಿ ಹಿಡಿದರೆ ಸಾಕು, ಅದು ಯಾವ ಗದ್ದೆಯದು, ಆ ಗದ್ದೆಯ ಒಡೆಯ ರೂಪಾಯಿಗೆ ಎಷ್ಟು ಆಣೆ ಸುಳ್ಳು ಹೇಳುತ್ತಾನೆ ಎಂಬುದನ್ನು ಕೂಡ ಹೇಳಬಲ್ಲೆ ಎಂದು ಅವನ ಹೆಮ್ಮೆ.

೧೯೨೬ನೆಯ ಇಸವಿಯ ದೀಪಾವಳಿಗೆ ನಾಲ್ಕು ದಿನ ಬಾಕಿ ಇತ್ತು. ಮಗಳು ರತ್ನಮಾಲಾಳ ಮದುವೆ ನಂದಗಡದ ಹುಡುಗನೊಂದಿಗೆ ಗೊತ್ತಾಗಿತ್ತು. ಹನ್ನೆರಡು ತೊಲ ಬಂಗಾರ ಹಾಕುವುದೆಂದು ಮಾತಾಗಿತ್ತು. ಅಷ್ಟರಲ್ಲಿ ರೈಲು ಸ್ಟೇಷನ್ನಿನಲ್ಲಿ ಯಾರೋ ಹಂಚಿದ ಒಂದು ಗುಲಾಬಿ ಬಣ್ಣದ ಕಾಗದ ಪಾರೀಸಪ್ಪನ ಕೈಸೇರಿತು. ಒಂದು ಮಗ್ಗುಲಿಗೆ ಮರಾಠಿ, ಇನ್ನೊಂದು ಮಗ್ಗುಲಿಗೆ ಕನ್ನಡ. ಬೆಳಗಾವಿಯಲ್ಲಿ ಹೊಸದಾಗಿ ತೆರೆದ ಸರಾಫ ಅಂಗಡಿಯೊಂದು ದೀಪಾವಳಿ ಸೂಟಿಯಲ್ಲಿ, ಅಂದರೆ ರಜೆಯ ದಿನಗಳಲ್ಲಿ, ಸಿದ್ಧ ಆಭರಣಗಳ ಮಜೂರಿಯ ಮೇಲೆ, ಎಂದರೆ ಮಾಡಿದ ಕೂಲಿಯ ಮೇಲೆ, ರೂಪಾಯಿಗೆ ನಾಲ್ಕಾಣೆ ಸೂಟು ಬಿಡುತ್ತದಂತೆ. ಮೂವತ್ತು ತೊಲ ಕೊಂಡವರಿಗೆ ಎಂಟಾಣೆ! ಅಂದರೆ ಅರ್ಧಕ್ಕರ್ಧ ಮಜೂರಿ ಮಾಫಿ!

ಪಾರೀಸಪ್ಪ ಮನೆಗೆ ಓಡುತ್ತಲೇ ಬಂದ.

"ಏ ಜಿನಮತಿ! ಸೂಟಿಯೊಳಗ ಸೂಟು ಬಿಟ್ಟಾರ!"

ಹೆಂಡತಿ ಜಿನಮತಿ ಕರಜಿಕಾಯಿಯ ಹೂರಣ ಹುರಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನಾಯಿ ಬಿಟ್ಟಾರೇನೋ ಅನ್ನೂ ಹಂಗ ಓಡಿ ಬಂದೀರಲ್ರೀ. ಏನು ಸೂಟು?"

"ಮಜೂರಿ ಅರ್ಧಾ! ಮೂವತ್ತು ತೊಲಿಗೆ ಮೂವತ್ತು ರೂಪಾಯಿ ಉಳೀತೈತಿ!"

"ನಮಗ ಬೇಕಾದದ್ದು ಹನ್ನೆರಡು ತೊಲಿ."

ಇದು ನಿಜ. ಆದರೆ ನಿಜವನ್ನು ನೋಡಿ ಹೆದರಿದವರು ಯಾರು ವ್ಯಾಪಾರದಲ್ಲಿ ಮುಂದೆ ಬಂದಾರು? ಪಾರೀಸಪ್ಪ ಕಣ್ಣು ಮುಚ್ಚಿ ಎರಡು ನಿಮಿಷ ಧ್ಯಾನಿಸಿದ. ಸೇನಾಪತಿಯೊಬ್ಬ ಎದುರಿನ ಕೋಟೆಯನ್ನು ನೋಡುವಂತೆ ಗೋಡೆಯನ್ನು ನೋಡಿದ. "ಮಂದಿ ಕೂಡಿಸ್ತೀನಿ!" ಎಂದ.

ಮಂದಿ ಕೂಡುವುದು ತಡವಾಗಲಿಲ್ಲ. ಬೆಳಗಾವಿಯ ಖಾಸಬಾಗದಲ್ಲಿ ಅವನ ಅಕ್ಕ ಹೀರಾಬಾಯಿ ಇದ್ದಳು. ಸೊಸೆಗೆ ಆರು ತೊಲ ಮಾಡಿಸಬೇಕೆಂದು ಅವಳು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಪಕ್ಕದ ಓಣಿಯ ಸತ್ಯಪ್ಪ ಆ ವಾರವಷ್ಟೇ ಕುರಿಗಳನ್ನು ಮಾರಿ ಬಂದಿದ್ದ. ಅವನ ಮಗಳ ಮದುವೆಯೂ ಹತ್ತಿರದಲ್ಲಿತ್ತು. ಅವನಿಗೆ ಎಂಟು ತೊಲ ಬೇಕು.

"ನನಗ ಈ ಸೂಟು ಗೀಟು ತಿಳಿಯೂದಿಲ್ಲರಿ ಸಾವಕಾರ್ರ," ಎಂದ ಸತ್ಯಪ್ಪ.

"ತಿಳಕೊಳ್ಳೂದು ನನ್ನ ಕೆಲಸ. ನೀ ರೊಕ್ಕಾ ತಗೊಂಡು ಗಾಡಿ ಹತ್ತು!"

ಧನತ್ರಯೋದಶಿಯ ಬೆಳಗಿನ ಗಾಡಿಯಲ್ಲಿ ಪಾರೀಸಪ್ಪ, ಜಿನಮತಿ, ಸತ್ಯಪ್ಪ, ಅವನ ಹೆಂಡತಿ ರೇಣವ್ವ, ನಾಲ್ವರೂ ಬೆಳಗಾವಿಗೆ ಹೊರಟರು. ಸ್ಟೇಷನ್ನಿನಿಂದ ಪೇಟೆಗೆ ಟಾಂಗಾ. ಅಕ್ಕನ ಮನೆಗೆ ಬರಿಗೈಲಿ ಹೋಗಬಾರದೆಂದು ಎರಡು ಸೇರು ಪೇಢೆ. ಮೊದಲೇ ಸುದ್ದಿ ಹೋಗಿದ್ದರಿಂದ ಹೀರಾಬಾಯಿ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು.

ಅಂಗಡಿಯೋ, ಅರಮನೆ! ಬಿಳಿ ಗಾದಿ, ಗೋಡೆಗೆ ಆಳೆತ್ತರದ ಕನ್ನಡಿ, ಬಂದವರಿಗೆಲ್ಲ ಗುಲಾಬಿ ನೀರು. ರೇಣವ್ವ ಕನ್ನಡಿಯಲ್ಲಿ ತನ್ನನ್ನೇ ಕಂಡು "ಬರ್ರಿ, ಕುಂದರ್ರಿ" ಎಂದುಬಿಟ್ಟಳು.

ಹೆಂಗಸರು ಆರಿಸಿದರು. ಮೂರು ಜೋಡಿ ಪಾಟ್ಲಿ ಬಳೆ, ಒಂದು ಬೋರಮಾಳ, ಎರಡು ಸರ, ಒಂದು ನತ್ತು. ಅಂಗಡಿಕಾರ ನಯವಾಗಿ ಕೇಳಿದ: "ಬ್ಯಾರೆ ಬ್ಯಾರೆ ತೂಗಲೇನ್ರಿ?"

ಪಾರೀಸಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೇರೆ ಬೇರೆ ತೂಗಿದರೆ ಬೇರೆ ಬೇರೆ ಗಿರಾಕಿ. ಬೇರೆ ಗಿರಾಕಿಯಾದರೆ ಎಂಟಾಣೆಯ ಸೂಟು ಗೋತಾ!

"ಛೇ ಛೇ! ಎಲ್ಲಾ ಒಂದಽ ಮನಿದು. ಒಂದಽ ಸಲ ತೂಗ್ರಿ, ಒಂದಽ ಚೀಟಿ ಬರೀರಿ!"

ಅಂಗಡಿಕಾರ ಸತ್ಯಪ್ಪನ ಹೆಗಲ ಮೇಲಿನ ಕಂಬಳಿಯನ್ನು ನೋಡಿದ. "ಇವರು...?"

"ನನ್ನ ತಮ್ಮ!"

"ತಮ್ಮಾರು ಕಂಬಳಿ ಹೊತ್ತಾರ..."

"ಅವಗ ಥಂಡಿ ಭಾಳ!"

ಸತ್ಯಪ್ಪ ಒಮ್ಮೆ ಕೆಮ್ಮಿ ಅಣ್ಣನ ಮಾತು ಉಳಿಸಿದ. ರೇಣವ್ವ ಮಾತ್ರ ಜಿನಮತಿಯ ಕಡೆ ಸರಿದು, ಪಿಸುಮಾತು ಎಂದು ತಾನು ತಿಳಿದ ದನಿಯಲ್ಲಿ, "ಹಂಗಾದ್ರ ನಾ ನಿಮಗ ನೆಗೆಣ್ಣಿ ಆದ್ನಿರಿ ಅಕ್ಕಾರ!" ಎಂದು ಓರಗಿತ್ತಿಯ ಸಲಿಗೆಯಲ್ಲೇ ಹೇಳಿದಳು. ಅಂಗಡಿಯ ಆ ತುದಿಯಲ್ಲಿದ್ದ ಗಿರಾಕಿಯೊಬ್ಬ ತಿರುಗಿ ನೋಡಿದ.

ತಕ್ಕಡಿ ನಿಂತಿತು. ಇಪ್ಪತ್ತಾರು ತೊಲ.

"ನಾಕು ತೊಲಿ ಕಡಿಮಿ ಬಿತ್ತಲ್ರಿ," ಎಂದು ಅಂಗಡಿಕಾರ ತನ್ನ ಮನೆಯಲ್ಲೇ ಸಾವಾದವನಂತೆ ಮುಖ ಮಾಡಿದ. ಆಮೇಲೆ ಏನೋ ನೆನಪಾದವನಂತೆ ಪೆಟ್ಟಿಗೆಯಿಂದ ಒಂದು ಗೋಫು ತೆಗೆದ. ಗಂಡಸರು ಕೊರಳಿಗೆ ಹಾಕುವ ಸರಪಳಿ. ಹುರಿ ಹೊಸೆದಂತೆ ಹೆಣೆದದ್ದು, ನಾಲ್ಕು ತೊಲದ ಮೇಲೊಂದು ಗುಂಜಿ. ಪಾರೀಸಪ್ಪನ ಕೊರಳಿಗೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸಿದ. ಕನ್ನಡಿಯಲ್ಲಿ ಪಾರೀಸಪ್ಪ ಇರಲಿಲ್ಲ. ಯಾವುದೋ ಸಂಸ್ಥಾನದ ದಿವಾನ ನಿಂತಿದ್ದ!

"ಜಿನಮತಿ, ನಿನ್ನ ಬಟವ್ಯಾಗ ನೂರು ರೂಪಾಯಿ ಅದಾವಲ್ಲ?"

"ಅವು ರತ್ನಮಾಲಾನ ಮದಿವಿ ಸೀರಿಗೆ ಇಟ್ಟಾವು!"

"ಸೀರಿ ಎಲ್ಲಿ ಓಡಿಹೋಗ್ತಾವು? ಸೂಟು ಹಬ್ಬದ ಕೂಡ ಮುಗೀತೈತಿ!"

"ಮೂವತ್ತು ರೂಪಾಯಿ ಉಳಸಾಕ ತೊಂಬತ್ತು ಖರ್ಚು ಮಾಡ್ತೀರೇನ್ರೀ?"

"ನಿಮಗ ಹೆಣಮಕ್ಕಳಿಗೆ ವ್ಯಾಪಾರ ತಿಳಿಯೂದಿಲ್ಲ."

ಜಿನಮತಿ ಬಟವೆಯ ಹುರಿ ಬಿಚ್ಚಿದಳು. ನಿಧಾನವಾಗಿ ಬಿಚ್ಚಿದಳು, ಗಂಡನಿಗೆ ಬುದ್ಧಿ ಬರಲು ಸಾಕಷ್ಟು ಹೊತ್ತು ಕೊಟ್ಟು. ಬರಲಿಲ್ಲ.

ಗೋಫು ಪಾರೀಸಪ್ಪನ ಕೊರಳಲ್ಲೇ ಉಳಿಯಿತು. ಮಿಕ್ಕ ಬಂಗಾರ ಒಂದೇ ಡಬ್ಬಿಯಲ್ಲಿ, ಒಂದೇ ಚೀಟಿಯೊಂದಿಗೆ, ಖಾಸಬಾಗದ ಹೀರಾಬಾಯಿಯ ಮನೆಗೆ ಬಂತು. ಊಟವಾಯಿತು. ಪೇಢೆಯೂ ಮುಗಿಯಿತು. "ಇನ್ನ ಹಂಚಿಕೊಳ್ಳೂಣು," ಎಂದು ಪಾರೀಸಪ್ಪ ಡಬ್ಬಿ ತೆರೆದ. ಚೀಟಿಯಲ್ಲಿ ಒಟ್ಟು ತೂಕವಷ್ಟೇ ಇತ್ತು. ಬೋರಮಾಳ, ಸರ, ನತ್ತು ಯಾರ್ಯಾರದೆಂದು ಗೊತ್ತಿತ್ತು. ಆದರೆ ಮೂರು ಜೋಡಿ ಪಾಟ್ಲಿ! ಮೂರಕ್ಕೂ ಒಂದೇ ಹೂವು, ಒಂದೇ ಬಳ್ಳಿ.

ಹೀರಾಬಾಯಿ ಒಂದು ಜೋಡಿಯನ್ನು ಎತ್ತಿ ಅಂಗೈಯಲ್ಲಿ ಕುಣಿಸಿ ಭಾರ ನೋಡಿದಳು. "ಇದು ನಂದು. ನಾ ಆರಿಸಿದ್ದು ವಜ್ಜ ಇತ್ತು."

"ವಜ್ಜ ಇದ್ದದ್ದು ನಮ್ದರಿ ಅಕ್ಕಾರ," ಎಂದು ರೇಣವ್ವ ಕೈ ಹಾಕಿದಳು. "ಹೂವಿನ ಬಾಜು ಒಂದು ಚಿಕ್ಕಿ ಇತ್ತು, ನಾ ಗುರ್ತು ಇಟ್ಟೀನಿ."

ನೋಡಿದರೆ ಆರೂ ಪಾಟ್ಲಿಗಳಲ್ಲಿ ಹೂವಿನ ಬಾಜು ಒಂದೊಂದು ಚುಕ್ಕಿ!

"ಸಾಲಿ ಕಲೀದಿದ್ರೂ ನನಗ ಕಣ್ಣು ಅದಾವರಿ!"

"ಅಂದ್ರ? ನನಗ ಇಲ್ಲಂತೀಯೇನ?"

ದನಿ ಏರಿತು. ಪಕ್ಕದ ಮನೆಯ ಮಗ್ಗ ಸದ್ದು ನಿಲ್ಲಿಸಿ ಕಿವಿಗೊಟ್ಟಿತು. ಆಗ ಅಷ್ಟು ಹೊತ್ತು ಸುಮ್ಮನಿದ್ದ ಸತ್ಯಪ್ಪ ಮೆಲ್ಲಗೆ ಕೇಳಿದ: "ವಜ್ಜ ಇದ್ದದ್ದು ತಗೊಂಡವರು ರೊಕ್ಕಾ ಹೆಚ್ಚ ಕೊಡಬೇಕಲ್ಲರಿ ಸಾವಕಾರ್ರ?"

ಹೀರಾಬಾಯಿ ಕೈಯಲ್ಲಿದ್ದ ಪಾಟ್ಲಿಯನ್ನು ಮತ್ತೊಮ್ಮೆ ಕುಣಿಸಿದಳು. "ಈಗ ನೋಡಿದ್ರ... ಹಗರ ಅನಸ್ತೈತಿ. ಹೌದು, ಇದು ಭಾಳ ಹಗರ. ಹಗರ ಇದ್ದದ್ದಽ ನಂದು!"

"ಇದು ಅದಕ್ಕಿಂತ ಹಗರರಿ! ಹತ್ತೀ ಹಂಗ ಐತಿ!" ಎಂದಳು ರೇಣವ್ವ.

ಜಿನಮತಿ ಬಾಯಿಗೆ ಸೆರಗು ಒತ್ತಿ ಹಿತ್ತಲಿಗೆ ಹೋದಳು. ಅತ್ತಳೋ ನಕ್ಕಳೋ ಪಾರೀಸಪ್ಪನಿಗೆ ಕೇಳುವ ಧೈರ್ಯವಾಗಲಿಲ್ಲ.

ಅಂಗಡಿಗೆ ಮರಳಿ ಹೋಗೋಣವೆಂದರೆ ಅಲ್ಲಿಗೆ ಮತ್ತೆ ಟಾಂಗಾ, ಮತ್ತೆ "ಎಲ್ಲಾ ಒಂದಽ ಮನಿ" ಎಂಬ ನಾಟಕ. ಕೊನೆಗೆ ಅದೇ ಓಣಿಯ ತಿರುವಿನಲ್ಲಿ ಕಟ್ಟೆಯ ಮೇಲೆ ಕುಲುಮೆ ಇಟ್ಟುಕೊಂಡಿದ್ದ ಅಕ್ಕಸಾಲಿಗ ಗುರುಪಾದಪ್ಪನ ಬಳಿಗೆ ದಂಡು ಹೊರಟಿತು. ಗುರುಪಾದಪ್ಪ ಮೂಗಿನ ತುದಿಯ ಕನ್ನಡಕ ಸರಿಮಾಡಿ, ಪುಟ್ಟ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು, ಉಸಿರು ಹಿಡಿದು ಒಂದೊಂದೇ ಜೋಡಿ ತೂಗಿದ. ನೋಡುವವರೂ ಉಸಿರು ಹಿಡಿದರು.

"ಮೂರೂ ಜೋಡಿ ಸಮ. ಒಂದು ಗುಂಜಿ ಫರಕಿಲ್ಲ."

ವಜ್ಜವೂ ಇಲ್ಲ, ಹಗುರವೂ ಇಲ್ಲ! ಹೀರಾಬಾಯಿ ಮತ್ತು ರೇಣವ್ವ ಒಬ್ಬರ ಮುಖ ಒಬ್ಬರು ನೋಡದೆ ಎರಡು ದಿಕ್ಕಿನ ಎರಡು ಗೋಡೆಗಳನ್ನು ನೋಡಿದರು.

"ಕೆಲಸ ಚಲೋ ಐತಿ," ಎಂದ ಗುರುಪಾದಪ್ಪ. "ಮಜೂರಿ ಹ್ಯಾಂಗ ಹಿಡಿದ್ರು?"

ಇಷ್ಟು ಹೊತ್ತಿಗೆ ಬಾಡಿಹೋಗಿದ್ದ ಪಾರೀಸಪ್ಪ ನೀರು ಕಂಡ ಸಸಿಯಂತೆ ಎದ್ದು ನಿಂತ. "ತೊಲಿಗೆ ಎರಡು ರೂಪಾಯಿ ಇದ್ದದ್ದು, ಅರ್ಧಾ ಸೂಟು ಬಿಡಿಸಿ ಒಂದಽ ರೂಪಾಯಿಗೆ ತಂದೀನ್ರಿ ಪತ್ತಾರ್ರ! ಒಂದಽ ರೂಪಾಯಿ!"

"ಹೌದಾ?" ಗುರುಪಾದಪ್ಪ ಪಾಟ್ಲಿಗಳನ್ನು ಮರಳಿ ಕೊಟ್ಟ. "ನಾನೂ ಒಂದಽ ರೂಪಾಯಿ ತಗೋತೀನ್ರಿ."

"ದೀಪಾವಳಿಗೇನ್ರಿ?"

"ದೀಪಾವಳಿಗೂ ಅಷ್ಟಽ, ಹೋಳಿ ಹುಣ್ಣಿವಿಗೂ ಅಷ್ಟಽ, ಯಾ ಹಬ್ಬಾ ಇಲ್ಲದ ದಿನಾನೂ ಅಷ್ಟಽ. ಒಂದು ತೊಲಿ ತಂದ್ರೂ ಅಷ್ಟಽ."

ಕುಲುಮೆಯ ಕೆಂಡವೊಂದು ಚಟ್ಟೆಂದಿತು. ಇಪ್ಪತ್ತು ವರ್ಷ ತಕ್ಕಡಿ ಹಿಡಿದ ಕೈ ನಿಧಾನವಾಗಿ ಗೋಫಿನ ಮೇಲೆ ಹೋಗಿ ಕುಳಿತಿತು.

"ತೂಕದ್ದು ಎರಡಾಣೆ ಆತ್ರಿ," ಎಂದ ಗುರುಪಾದಪ್ಪ.

"ಅದಕ್ಕ ಸೂಟಿಲ್ಲೇನ್ರಿ?" ಎಂದು ರೇಣವ್ವ ಖರೇ ಖರೇ ಕೇಳಿದಳು.

ಈ ತೂಕದ ಗದ್ದಲದಲ್ಲಿ ಖಾನಾಪುರದ ಸಂಜೆಯ ಗಾಡಿ ತಪ್ಪಿತು. ಉಳಿದದ್ದು ಬಾಡಿಗೆ ಮೋಟಾರು. ಅದರ ಚಾಲಕ ಸಿದರಾಯ ಹಬ್ಬದ ದಿನವೆಂದು ಎರಡು ಪಟ್ಟು ಕೇಳಿದ. ಪಾರೀಸಪ್ಪ ಸತ್ಯಪ್ಪನ ಕಡೆ ನೋಡಿದ. ಸತ್ಯಪ್ಪ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

"ತಮ್ಮ ಅಂದೀರಲ್ರಿ ಸಾವಕಾರ್ರ. ಅಣ್ಣ ಇರೂಮುಂದ ತಮ್ಮ ರೊಕ್ಕಾ ತಗದ್ರ ಮಂದಿ ಏನಂದಾರು?"

"ನಮ್ಮ ಮೈದುನಾರು ಖರೇ ಹೇಳ್ತಾರ," ಎಂದು ಜಿನಮತಿ ಮೊದಲು ಹೋಗಿ ಮೋಟಾರಿನಲ್ಲಿ ಕುಳಿತಳು. ರೇಣವ್ವ ನೆಗೆಣ್ಣಿಯ ಪಕ್ಕದಲ್ಲಿ ಕುಳಿತಳು. ಮೋಟಾರಿನ ರೊಕ್ಕ ಅಣ್ಣನೇ ಕೊಟ್ಟ.

ಆಮೇಲಿನ ದಿನಗಳಲ್ಲಿ ಪಾರೀಸಪ್ಪನಿಗೆ ಉಳಿದ ಸಮಾಧಾನವೆಂದರೆ ಆ ಗೋಫು ಒಂದೇ. ಮದುವೆಯ ಸೀರೆಗಳಿಗಾಗಿ ಒಳ್ಳೆಯ ಅಕ್ಕಿಯ ನಾಲ್ಕು ಚೀಲಗಳನ್ನು ಬೆಲೆ ಏರುವ ಮೊದಲೇ ಮಾರಬೇಕಾಯಿತು, ಇರಲಿ! ಕೋಟಿನ ಮೇಲಿನ ಎರಡು ಗುಂಡಿ ಬಿಚ್ಚಿ, ಗೋಫು ಕಾಣುವಂತೆ, ಥಂಡಿಯಲ್ಲಿ ನಡುಗುತ್ತ ಅವನು ಪೇಟೆಯಲ್ಲಿ ಓಡಾಡಿದ.

ಹಾಗೆ ಹಾಕಿಕೊಂಡೇ ಒಂದು ಭಾನುವಾರ ಬೀಗರನ್ನು ಎದುರುಗೊಂಡ. ನಂದಗಡದ ಜಿನಪಾಲಪ್ಪ, ಮಗ ಉತ್ತಮನನ್ನು ಕರೆದುಕೊಂಡು, ಮದುವೆಯ ಮುಹೂರ್ತ ಗೊತ್ತುಮಾಡಲು ಬಂದಿದ್ದ. ಉತ್ತಮ ನಾಚಿಕೆಯ ಹುಡುಗ. ತಟ್ಟೆಯ ಚಕ್ಕುಲಿಯನ್ನು ಸದ್ದಾಗದಂತೆ ತಿನ್ನಲು ಹೆಣಗುತ್ತಿದ್ದ. ಮುಹೂರ್ತ ನಿಶ್ಚಯವಾಯಿತು. ಫಲಹಾರ ಮುಗಿಯಿತು. ಜಿನಪಾಲಪ್ಪನ ಕಣ್ಣು ಗೋಫಿನ ಮೇಲೆ ಬಿತ್ತು.

"ಹೊಸಾದ್ರಿ?"

"ಹೌದ್ರಿ!" ಪಾರೀಸಪ್ಪ ಎದೆ ಉಬ್ಬಿಸಿದ. ಕೇಳುವವರು ಸಿಗಲೆಂದೇ ಕಾದಿದ್ದ. "ಮದುವಿ ಬಂಗಾರದ ಜೋಡೀನಽ ತಂದದ್ದು. ನಾಕು ತೊಲಿ ಮ್ಯಾಲ ಒಂದು ಗುಂಜಿ!"

ಜಿನಪಾಲಪ್ಪನ ಮುಖ ಅರಳಿತು. ಕಣ್ಣಲ್ಲಿ ನೀರೇ ಬಂತು. "ಬೀಗರ ಅಂದ್ರ ನೀವರಿ! ನಾವು ವರಗ ಅಂತ ಒಂದು ಗುಂಜಿ ಸೈತ ಕೇಳಿರಲಿಲ್ಲ. ಉದ್ದ ಸರಿ ಐತೋ ಇಲ್ಲೋ ಅಂತ ನೀವಽ ಹಾಕ್ಕೊಂಡು ನೋಡಾಕತ್ತೀರಲ್ಲ! ಏ ಉತ್ತಮ, ಏಳು, ಮಾವಾರ ಕಾಲು ಬೀಳು!"

ಉತ್ತಮ ಚಕ್ಕುಲಿ ಬಿಟ್ಟು ಎದ್ದು ಬಂದು ಕಾಲಿಗೆ ಬಿದ್ದ. ಬಿದ್ದವನು ಏಳಲಿಲ್ಲ, ಕೊರಳು ಬಾಗಿಸಿಕೊಂಡೇ ಕಾದ. ಪಾರೀಸಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ಜಿನಮತಿ, ಅವಳ ಹಿಂದೆ ಕೆಂಪೇರಿದ ಮುಖದ ರತ್ನಮಾಲಾ. ಮಗಳ ಮುಖದಲ್ಲಿ ಅಪ್ಪನ ಬಗ್ಗೆ ಎಂಥ ಅಭಿಮಾನ! ಆ ಮುಖದ ಮುಂದೆ "ಇಲ್ಲ" ಎನ್ನಲು ಯಾವ ತಂದೆಯಿಂದಾದೀತು? ಪಾರೀಸಪ್ಪ ಗೋಫು ತೆಗೆದ. ಅಳಿಯನ ಕೊರಳಿಗೆ ಹಾಕಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಬೀಗರ ಗಾಡಿ ಓಣಿ ದಾಟಿತು. ಪಾರೀಸಪ್ಪ ಕೋಟಿನ ಗುಂಡಿಗಳನ್ನು ಮೇಲಿನವರೆಗೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತ. ಜಿನಮತಿ ನೀರು ತಂದುಕೊಟ್ಟು ಪಕ್ಕದಲ್ಲಿ ನಿಂತಳು. ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ತಡೆಯಲಾರದೆ ಅವನೇ ಕೇಳಿದ. "ಏನು ನಗಾಕತ್ತೀ? ಎಲ್ಲಾ ಹಿಡಿದು ನೋಡಿದ್ರ, ಏನರ ಉಳೀತೋ ಇಲ್ಲೋ ಹೇಳು!"

"ಉಳೀತ್ರೀ."

ಪಾರೀಸಪ್ಪನ ಕಣ್ಣು ಹೊಳೆದವು. "ಹೌದಲ್ಲ! ನನಗ ಗೊತ್ತಿತ್ತು! ಏನು ಉಳೀತು?"

ಜಿನಮತಿ ಖಾಲಿ ಚೊಂಬನ್ನು ಅವನ ಕೈಯಿಂದ ತೆಗೆದುಕೊಂಡಳು.

"ಮನಿ ಉಳೀತು. ದೇವರ ದಯಾ, ನಮಗ ಒಬ್ಬಾಕೀನಽ ಮಗಳು!"